ಐರ್ಲೆಂಡಿನಲ್ಲೊಂದು ಬರಿ ಮನೆ

ಗಾಳಿ ಸೋಕುವುದು, ದೆವ್ವ ಹಿಡಿಯುವುದು, ಸತ್ತವರು ಬಂದು ಮಾತಾಡಿಸುವುದು, ಇಂಥದನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಇದನ್ನು ಮೊದಲೇ ಫ್ರ್ಯಾಂಕ್ ಆಗಿ ಹೇಳಿಬಿಡುವುದು ಒಳ್ಳೆಯದು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಹಾಸ್ಟೆಲಿನ ಹುಡುಗಿಯರು ಹಿತ್ತಲಿನ ಹುಣಸೆಮರಕ್ಕೆ ಹೆದರಿದರೆ ನಮ್ಮ ಮದರ್ ಅವರನ್ನು ಅದೇ ಮರದ ಕೆಳಗೆ ನಿಲ್ಲಿಸಿ ಟೇಬಲ್ಸ್ ಹೇಳಿಸುತ್ತಿದ್ದರು. ಹೆದರಿಕೆ ಹೋಯಿತೋ ಇಲ್ಲವೋ, ಟೇಬಲ್ಸ್ ಮಾತ್ರ ಬಂದವು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ರಿಟೈರ್ ಆಗುವವರೆಗೂ ಇಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಓಣಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತು ಅವರಿಗೆ ಅದು ಕಂಡಿತು, ಇವರಿಗೆ ಇದು ಕೇಳಿಸಿತು ಅಂತ ಹೇಳುವಾಗ ನಾನು ‘ನಾನ್‌ಸೆನ್ಸ್’ ಅಂದು ಒಳಗೆ ಹೋಗಿಬಿಡುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ. ನಂಬಿಕೆ ಬಂದಿದೆ ಅಂತಲ್ಲ. ಅಷ್ಟು ಖಚಿತವಾಗಿ ಮಾತಾಡುವ ತ್ರಾಣ ಈಗ ಉಳಿದಿಲ್ಲ, ಅಷ್ಟೆ.

ನಾನು ಹೇಳಬೇಕೆಂದಿರುವುದು ರಾತ್ರಿ ನಡೆದದ್ದಲ್ಲ, ಸ್ಮಶಾನದಲ್ಲಿ ನಡೆದದ್ದೂ ಅಲ್ಲ. ಮಟಮಟ ಮಧ್ಯಾಹ್ನ, ನಮ್ಮ ಮನೆಯ ಕಂಪ್ಯೂಟರ್ ಕೋಣೆಯಲ್ಲಿ ನಡೆದದ್ದು. ಎರಡು ಸಾವಿರದ ಒಂಬತ್ತನೆಯ ಇಸವಿ ಇರಬೇಕು. ಬೇಸಿಗೆ ಅಂತೂ ಹೌದು.

ಮೊದಲು ನಮ್ಮ ಅತ್ತೆಯವರ ವಿಷಯ ಹೇಳಬೇಕು. ಅವರು ಸಿರಸಂಗಿಯ ಮಗಳು. ಅಕ್ಷರ ಬರುತ್ತಿರಲಿಲ್ಲ, ಆದರೆ ಹಾಡು ಬರುತ್ತಿತ್ತು. ಬೀಸುವ ಹಾಡು, ಕುಟ್ಟುವ ಹಾಡು, ಕೂಸು ತೂಗುವ ಹಾಡು, ಬೀಗರನ್ನು ಬಯ್ಯುವ ಹಾಡು. ತೊಂಬತ್ತರ ದಶಕದ ಮೊದಲಲ್ಲಿ, ಮಕ್ಕಳಿಗೆ ಇಂಗ್ಲಿಷ್ ಉಚ್ಚಾರ ಕೇಳಿಸಲು ಅಂತ ನಾನೊಂದು ಟೇಪ್‌ರೆಕಾರ್ಡರ್ ತಂದಿದ್ದೆ. ರಜೆಯಲ್ಲಿ ಅದನ್ನು ಅತ್ತೆಯವರ ಮುಂದಿಟ್ಟು ಹಾಡಿ ಅಂದೆ. ಬಾಯಿ ಬಿಡಲೇ ಇಲ್ಲ. ‘ಕೈ ತಿರಗದ ಬಾಯಿ ತಿರಗೂದಿಲ್ಲವಾ’ ಅಂದರು. ಕೊನೆಗೆ ಬೀಸುಕಲ್ಲು ತರಿಸಿ ಮುಂದಿಟ್ಟೆವು. ಕಾಳು ಹಾಕದೆ ಬರಿ ಕಲ್ಲು ತಿರುವುತ್ತ ಕೂತರು, ಹಾಡು ತಾನಾಗಿ ಬಂತು. ಹಾಗಾಗಿ ಆ ಟೇಪುಗಳಲ್ಲಿ ಎಲ್ಲ ಹಾಡಿನ ಹಿಂದೆಯೂ ಕಲ್ಲಿನ ಗರಗರ ಸದ್ದು ಇತ್ತು. ರಜೆ ಮುಗಿದ ಮೇಲೆ ಟೇಪುಗಳನ್ನು ಟ್ರಂಕಿಗೆ ಹಾಕಿದೆ. ಕೆಲವು ವರ್ಷಕ್ಕೆ ಅತ್ತೆಯವರು ತೀರಿಕೊಂಡರು.

ಗಂಗವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅತ್ತೆಯವರಿಗೆ ತಮ್ಮನ ಮಗಳೂ ಹೌದು. ಹೆತ್ತ ತಾಯಿಯನ್ನು ಎಳೆಗೂಸಿನಲ್ಲೇ ಕಳೆದುಕೊಂಡವಳನ್ನು ಅತ್ತೆಯವರೇ ತಂದು ಸಾಕಿ, ತಮ್ಮ ಕಿರಿಯ ಮಗನಿಗೇ ಮಾಡಿಕೊಂಡಿದ್ದರು. ನಮಗೆಲ್ಲ ಅವರು ‘ಅತ್ತಿಯವರು’. ಅವಳಿಗೆ ಮಾತ್ರ ‘ಅತ್ತಿ’, ‘ಆಕಿ’. ಅವಳು ಜಗಳವಾಡುತ್ತಿದ್ದದ್ದೂ ಅವರ ಜೊತೆಗೇ, ಹೋಗಿ ಮಲಗುತ್ತಿದ್ದದ್ದೂ ಅವರ ಮಗ್ಗುಲಲ್ಲೇ. ಒಂದು ದಿನ, ಅತ್ತೆಯವರು ಹೋಗಿ ಎಷ್ಟೋ ವರ್ಷದ ಮೇಲೆ, ಅವಳು ಜೋಳ ಹಸನು ಮಾಡುತ್ತ ಸುಮ್ಮನೆ ಅಂದಳು: ‘ಅಕ್ಕಾರ, ಅತ್ತಿ ಮಾರಿ ಕಣ್ಣ ಮುಂದ ಐತ್ರಿ. ದನಿ ಹೊಂಟೈತಿ. ನೆನಪ ಮಾಡಕೊಂಡ್ರ ಬ್ಯಾರೆ ಯಾರದೋ ಬರತೈತಿ.’

ಅಳಲಿಲ್ಲ, ಕಣ್ಣು ಕೂಡ ಎತ್ತಲಿಲ್ಲ. ಕಲ್ಲು ಆರಿಸುತ್ತಲೇ ಇದ್ದಳು. ನಾನು ಅವತ್ತೇ ಟ್ರಂಕು ತೆಗೆದೆ.

ಟೇಪುಗಳಿಗೆ ಬೂಷ್ಟು ಹಿಡಿದಿತ್ತು. ಧಾರವಾಡದಲ್ಲಿ ಸ್ಟುಡಿಯೋ ಇಟ್ಟ ಒಬ್ಬರು, ಇವು ಒಂದು ಸಲ ಓಡುತ್ತವೆ, ಎರಡನೆಯ ಸಲ ಖಾತ್ರಿಯಿಲ್ಲ, ನಿಮ್ಮ ಕಂಪ್ಯೂಟರನ್ನೇ ತನ್ನಿ, ನೇರ ಅದಕ್ಕೇ ಇಳಿಸಿಕೊಡುತ್ತೇನೆ ಅಂದರು. ಸಿ.ಪಿ.ಯು.ವನ್ನು ಹಳೆ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ, ಬಾಣಂತಿ ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡು ಹೋದೆ. ಆ ಸ್ಟುಡಿಯೋದಲ್ಲಿ ನಾನೇ ಪಕ್ಕ ಕೂತು, ಹಾಡಿನ ನಡುವಿನ ಕೆಮ್ಮು, ಮಾತು, ‘ಅದರ ಬಾಯಿ ಮುಚ್ಚವಾ’ ಅಂತ ಟೇಪ್‌ರೆಕಾರ್ಡರನ್ನು ಬೈದದ್ದು, ಎಲ್ಲ ತೆಗೆಸಿದೆ. ಕ್ಲೀನ್ ಆಗಿ ಹಾಡು ಮಾತ್ರ ಉಳಿಯಲಿ ಅಂತ ನನ್ನ ಆಸೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿರಿ. ನನ್ನ ಎದುರಿಗೇ ತೆಗೆದದ್ದು, ನಾನು ಕಿವಿಯಾರೆ ಕೇಳಿ ನೋಡಿದ್ದು.

ಆದರೆ ಆ ಕಂಪ್ಯೂಟರಿಗೂ ವಯಸ್ಸಾಗಿತ್ತು, ಮೇಲೆ ಬಸ್ಸಿನ ಕುಲುಕಾಟ. ಮನೆಗೆ ಬಂದು ಗಂಗವ್ವನನ್ನು ಕೂಡಿಸಿ ಹಾಡು ಹಚ್ಚಿದರೆ, ಅರ್ಧಕ್ಕೆ ನಿಂತಿತು. ಒಳಗಿನಿಂದ ಕಟ್, ಕಟ್ ಅಂತ ಸದ್ದು. ಅವಳು ಸ್ವಲ್ಪ ಹೊತ್ತು ಕಾದು, ‘ಕೆಟ್ಟಿತೇನ್ರಿ?’ ಅಂತ ಕೇಳಿ ಎದ್ದು ಹೋದಳು. ರಿಪೇರಿಯವನು ಬಂದು, ಹಾರ್ಡ್ ಡಿಸ್ಕ್ ಕೊನೆಯ ಉಸಿರು ಎಳೆಯುತ್ತಿದೆ, ಮತ್ತೆ ಮತ್ತೆ ಹಚ್ಚಬೇಡಿ ಅಂದ. ಸಿ.ಡಿ.ಗೆ ಹಾಕಲು ನೋಡಿದೆವು, ನಡುವೆ ನಿಂತಿತು. ಪೆನ್ ಡ್ರೈವಿನದೂ ಅದೇ ಗತಿ. ಆ ಹೊತ್ತಿಗೆ ಟೇಪುಗಳು ಹುಡಿಹುಡಿಯಾಗಿದ್ದವು. ಅತ್ತೆಯವರ ದನಿ ಈ ಭೂಮಿಯ ಮೇಲೆ ಇದ್ದದ್ದು ಆ ಒಂದು ಕೆಟ್ಟ ಡಿಸ್ಕಿನಲ್ಲಿ ಮಾತ್ರ.

ಆಗ ನೆನಪಾದವರು ಕಿತ್ತೂರಿನ ಕುಲಕರ್ಣಿ ಸರ್. ನನ್ನ ಜೊತೆ ಗಣಿತ ಕಲಿಸುತ್ತಿದ್ದವರು, ನನಗಿಂತ ಒಂದು ವರ್ಷ ಮೊದಲು ರಿಟೈರ್ ಆದವರು. ಬೇರೆ ಗಂಡಸರು ಇಸ್ಪೀಟಿಗೆ ಕೂತ ಹಾಗೆ ಇವರು ಕಂಪ್ಯೂಟರಿಗೆ ಕೂಡುತ್ತಿದ್ದರು. ಫೋನಿನಲ್ಲಿ ಎಲ್ಲ ಕೇಳಿಕೊಂಡು, ‘ಡಿಸ್ಕಿಗೆ ಮುಪ್ಪು ಬಂದದ ಮೇಡಂ, ನಮ್ಮಂಗ. ಅದನ್ನ ಓಡಸಬಾರದು, ನಡಸಬೇಕು’ ಅಂದರು. ಅವರ ಉಪಾಯ ಹೀಗೆ: ಪೆನ್ ಡ್ರೈವ್ ಗಬಗಬ ನುಂಗುತ್ತದೆ, ಮುದಿ ಡಿಸ್ಕಿಗೆ ತಾಳುವುದಿಲ್ಲ. ನಮ್ಮ ಬ್ರಾಡ್‌ಬ್ಯಾಂಡ್ ಹನಿಹನಿಯಾಗಿ ಒಯ್ಯುತ್ತದೆ. ಈಗ ಹೊರದೇಶದ ಕಂಪನಿಗಳು ತಮ್ಮ ದೊಡ್ಡ ಕಂಪ್ಯೂಟರುಗಳ ಒಳಗೆ ಚಿಕ್ಕ ಚಿಕ್ಕ ಕಂಪ್ಯೂಟರು ಕಟ್ಟಿ ಬಾಡಿಗೆಗೆ ಕೊಡುತ್ತವೆ, ಕೈಗೆ ಸಿಗುವಂಥದಲ್ಲ, ವರ್ಚುವಲ್ ಮಷೀನ್ ಅನ್ನುತ್ತಾರೆ, ಕ್ಲೌಡ್ ಅನ್ನುತ್ತಾರೆ. ಅಂಥದೊಂದು ಹಿಡಿದು ಒಂದೊಂದೇ ಹಾಡು ಅದಕ್ಕೆ ಸಾಗಿಸೋಣ. ನಮ್ಮ ಲೈನಿನ ಆಮೆನಡಿಗೆ ಜನ್ಮದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು ಅಂತ ನಗಾಡಿದರು.

ಮರುದಿನ ಬೆಳಿಗ್ಗೆ ನಾಷ್ಟಾ ಮುಗಿಸಿ ಕೂತೆ. ಫೋನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೆ. ಗಂಗವ್ವ ಮೆಂತೆಪಲ್ಲೆ ಸೋಸುತ್ತ ಕೋಣೆಯ ಹೊಸ್ತಿಲಲ್ಲಿ ಕೂತಿದ್ದಳು. ಕುಲಕರ್ಣಿ ಸರ್ ಅವರ ಕಾರ್ಡು, ಅವರ ಅಕೌಂಟು. ಅವರು ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ. ರೀಜನ್ ಯಾವುದು, ಅಂದರೆ ಮಷೀನು ಯಾವ ದೇಶದಲ್ಲಿರಬೇಕು ಅಂತ ಅದು ಕೇಳಿತು. ಅಮೆರಿಕಾ ಇತ್ತು, ಐರ್ಲೆಂಡ್ ಇತ್ತು. ನನ್ನ ಕೈ ತಾನಾಗಿ ಐರ್ಲೆಂಡಿಗೆ ಹೋಯಿತು. ನಮ್ಮ ಕಾನ್ವೆಂಟಿನ ಮದರ್ ಅಲ್ಲಿಯವರು. ಕಿಟಕಿಯ ಹತ್ತಿರ ನಿಂತು ಅವರೂರಿನ ಮಳೆಯ ಬಗ್ಗೆ ಹೇಳುತ್ತಿದ್ದರು, ವೆರಿ ಸಾಫ್ಟ್ ರೇನ್, ಚೈಲ್ಡ್, ಅಂತ.

‘ಐರ್ಲೆಂಡ್ ಅಂದ್ರ ಎಲ್ಲಿ ಬರತೈತ್ರಿ?’ ಗಂಗವ್ವ ಕೇಳಿದಳು.

‘ಸಮುದ್ರದಾಚೆ. ಇಂಗ್ಲೆಂಡಿನ ಮಗ್ಗಲಾಗ.’

‘ಅತ್ತಿ ರಾಮದುರ್ಗದಾಚೆ ಹೋದಾಕಿ ಅಲ್ಲ.’

ಫೋನಿನಲ್ಲಿ ಕುಲಕರ್ಣಿ ಸರ್ ನಕ್ಕರು. ‘ಈಗ ಹೊಂಟಾರಲ್ಲ ಗಂಗವ್ವ. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ. ಇನ್‌ಸ್ಟನ್ಸ್ ಅಂದ್ರ ಏನಂದ್ಕೊಂಡಿ, ಬಾಡಿಗಿ ಮನಿ ಇದ್ದಂಗ. ಮನಿಗೆ ಬಾಗಲಾ ಇರತಾವ, ಪೋರ್ಟ್ ಅಂತೀವಿ. ನಾವು ಒಂದೇ ತಗೀತೀವಿ, ಉಳದದ್ದೆಲ್ಲಾ ಕೀಲಿ.’

‘ಎಷ್ಟ ಬಾಗಲಾ ಅದಾವ್ರಿ ಸರ್?’

‘ಅರವತ್ತೈದು ಸಾವಿರದ ಮ್ಯಾಲೆ.’

‘ಅಯ್ಯ ನಮ್ಮವ್ವ, ಕಸಾ ಹೊಡಿಯೋರ ಯಾರ್ರಿ?’

ಹೀಗೆ ನಗುತ್ತ ನಗುತ್ತಲೇ ಕೆಲಸ ಆಯಿತು. ಲಾಂಚ್ ಒತ್ತಿದೆ. ಪೆಂಡಿಂಗ್ ಅಂತ ಬಂತು, ಆಮೇಲೆ ರನ್ನಿಂಗ್ ಅಂತ ಹಸಿರು ಚುಕ್ಕೆ. ಕೀಲಿಯ ಫೈಲು ಅವರ ಹತ್ತಿರ ಒಂದು, ನನ್ನ ಹತ್ತಿರ ಒಂದು. ಒಳಗೆ ಹೋಗಿ ನೋಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಕರ್ಸರ್ ಮಿಣುಕುತ್ತಿತ್ತು. ಏನೇನೂ ಇಲ್ಲ. ಕುಲಕರ್ಣಿ ಸರ್ ಎರಡು ಸಾಲು ಹೇಳಿ ಬರೆಸಿದರು, ಹಾಡು ಒಂದಾದ ಮೇಲೊಂದು ಹೊರಟವು. ಲೈನ್ ಹರಿದರೆ ಅಥವಾ ಕರೆಂಟ್ ಹೋದರೆ ಅಲ್ಲಿಗೆ ನಿಲ್ಲುತ್ತದೆ, ಮತ್ತೆ ನಾವೇ ಶುರು ಮಾಡಬೇಕು ಅಂದರು. ಸಾಗಿಸುವಾಗ ಸದ್ದೇನೂ ಬರುವುದಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಹಾಡು ಹೋಗುತ್ತದೆ, ಕೇಳುವುದಿಲ್ಲ. ಕಂಪ್ಯೂಟರಿನ ಸ್ಪೀಕರಿನ ವೈರನ್ನು ನಾನೇ ಕಿತ್ತಿಟ್ಟಿದ್ದೆ.

ಗಂಗವ್ವ ಪಲ್ಲೆ ಬಿಟ್ಟು ಎದ್ದು ಬಂದು ಪರದೆ ನೋಡಿದಳು. ‘ಇದs ಏನ್ರಿ ಆ ಮನಿ?’

‘ಹೂಂ.’

‘ಬರಿದ ಐತಿ.’

‘ಹೊಸಾದಲ್ಲ.’

‘ಹಾಲ ಉಕ್ಕಿಸಿಲ್ಲ, ದೀಪಾ ಹಚ್ಚಿಲ್ಲ, ಹಂಗs ಕಳಸಾಕತ್ತೀರಿ?’

ನಮ್ಮ ಕಡೆ ಹೊಸ ಮನೆ ಹೊಕ್ಕ ದಿನ ಅದನ್ನು ಬರಿದು ಬಿಡುವುದಿಲ್ಲ. ಸಾಮಾನು ಇನ್ನೂ ಬಂದಿರದಿದ್ದರೂ ಹಾಲು ಉಕ್ಕಿಸಿ, ದೀಪ ಹಚ್ಚಿ, ಮನೆಯವರು ಯಾರಾದರೂ ಒಬ್ಬರು ಹೊತ್ತು ಮುಳುಗುವವರೆಗೆ ಅಲ್ಲಿ ಕೂಡಲೇಬೇಕು. ನಾನು ಅವಳಿಗೆ ಇದು ಮನೆಯಲ್ಲ, ಸರ್ ಮಾತಿಗೆ ಹಾಗಂದರು ಅಂತ ತಿಳಿಸಿ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಅಡಿಗೆಮನೆಗೆ ಹೋಗಿ ಹಾಲು ಉಕ್ಕಿಸಿ ಬಂದು, ಗೋಡೆಯ ಗೂಡಿನಲ್ಲಿ ದೀಪ ಇಟ್ಟು, ಮಾನಿಟರಿನ ಹಣೆಗೆ ಕುಂಕುಮ ಹಚ್ಚಿದಳು. ನಾನು ತಡೆಯಲಿಲ್ಲ. ಅವಳ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಅಷ್ಟರಲ್ಲಿ ಸಂಪಗಾಂವದಿಂದ ಫೋನು ಬಂತು. ನಮ್ಮವರ ಕಾಕಾನ ಹೆಂಡತಿ, ತುಂಬಾ ದಿನದಿಂದ ಹಾಸಿಗೆ ಹಿಡಿದಿದ್ದವರು, ತೀರಿಕೊಂಡಿದ್ದರು. ಮಣ್ಣಿಗೆ ಹೋಗಲೇಬೇಕು. ನಮ್ಮವರು ಅಡತಿ ಅಂಗಡಿಯಿಂದ ಬಂದು ಜೀಪು ಹೇಳಿದರು. ಮೈದುನ ಹೊಲದಿಂದಲೇ ನೇರ ಬರುವವನಿದ್ದ. ನಾನು ಸೀರೆ ಬದಲಿಸಿ ಹೊರಗೆ ಬಂದರೆ ಗಂಗವ್ವ ಕಂಪ್ಯೂಟರಿನ ಮುಂದೆ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತಿದ್ದಳು.

‘ನಾ ಬರೂದಿಲ್ರಿ’ ಅಂದಳು.

ನಮ್ಮವರಿಗೆ ಸಿಟ್ಟು ಬಂತು. ‘ಸಾವಿನ ಮನಿಗೆ ಸಣ್ಣ ಸೊಸಿ ಬಂದಿಲ್ಲ ಅಂದ್ರ ಮಂದಿ ಏನಂದಾರು? ಕಂಪ್ಯೂಟರ್ ಕಾಯಾಕ ಕುಂತಾಳ ಅಂತ ಹೇಳ್ಲೇನು?’

‘ಜ್ವರಾ ಬಂದಾವ ಅಂತ ಹೇಳ್ರಿ ಬಾವಾರ. ಆ ಅಜ್ಜಿನ್ನ ಕಳಸಾಕ ಇಡೀ ಊರs ಬರತೈತಿ. ಅತ್ತಿ ಒಬ್ಬಾಕೀನs ಹೊಂಟಾಳ. ಪರದೇಶ, ಬರಿ ಮನಿ. ಹೊತ್ತ ಮುಣಗೂತನಾ ಯಾರರ ಬೇಕಲ್ಲ.’

ನಮ್ಮವರು ನನ್ನ ಮುಖ ನೋಡಿದರು. ತಾಯಿಯ ವಿಷಯ ಬಂದರೆ ಅವರು ಹಟ ಹಿಡಿಯುವುದಿಲ್ಲ. ಅವಳನ್ನು ಬಿಟ್ಟು ಹೊರಟೆವು.

ಸಂಪಗಾಂವದಲ್ಲಿ, ರಾಮದುರ್ಗಕ್ಕೆ ಕೊಟ್ಟ ಅವರ ಮಗಳು ಬರುವವರೆಗೆ ಕಾಯಬೇಕಾಯಿತು. ಬಿಸಿಲು ಹೇಳತೀರದಷ್ಟು. ಹೆಣ್ಣುಮಕ್ಕಳ ಗುಂಪಿನಲ್ಲಿ ಗೋಡೆಗೆ ಆತು ಕೂತು ನನಗೆ ಅಳು ಬರಲಿಲ್ಲ, ನಿದ್ದೆಯೂ ಬರಲಿಲ್ಲ, ಬರೀ ಸುಸ್ತು. ಎಷ್ಟು ಸಾವು ನೋಡಿಯಾಯಿತು, ಇನ್ನು ಎಷ್ಟು ನೋಡಬೇಕೋ ಅನಿಸುವ ವಯಸ್ಸು ಅದು. ಮಧ್ಯಾಹ್ನ ನಮ್ಮ ಓಣಿಯ ಇಬ್ಬರು ಗಂಡಸರು ಗಾಡಿಯ ಮೇಲೆ ಬಂದರು. ಅವರಲ್ಲೊಬ್ಬರು ನಮ್ಮವರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: ‘ಓಣಿ ಟಿ.ಸಿ. ಸುಟ್ಟೈತ್ರಿ. ನೀವು ಈ ಕಡೆ ಬಂದ್ರಿ, ಆ ಕಡೆ ಢಂ ಅಂತು. ಇವತ್ತಂತೂ ಬರೂದಿಲ್ಲ ಕರೆಂಟ.’ ಟಿ.ಸಿ. ಅಂದರೆ ಟ್ರಾನ್ಸ್‌ಫಾರ್ಮರ್. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾವು ಹೊರಟಾಗ ಒಂದೋ ಎರಡೋ ಹಾಡು ಹೋಗಿರಬಹುದು, ಅಷ್ಟೆ. ಆ ಡಿಸ್ಕ್ ಹಾಗೆ ದಿಢೀರನೆ ನಿಂತರೆ ಮತ್ತೆ ಏಳುವುದಿಲ್ಲ ಅಂತ ರಿಪೇರಿಯವನು ಮೊದಲೇ ಹೇಳಿದ್ದ. ಆಗ ಮಾತ್ರ ನನಗೆ ಕಣ್ಣಲ್ಲಿ ನೀರು ಬಂತು. ಪಕ್ಕದ ಹೆಣ್ಣುಮಗಳು ನಾನು ಆ ಅಜ್ಜಿಗಾಗಿ ಅಳುತ್ತಿದ್ದೇನೆ ಅಂದುಕೊಂಡು ಬೆನ್ನು ಸವರಿದಳು.

ನಾವು ಮರಳಿದಾಗ ಬಿಸಿಲು ಇಳಿದಿತ್ತು, ಕತ್ತಲಾಗಿರಲಿಲ್ಲ. ನಮ್ಮವರು ಜೀಪಿನವನ ಜೊತೆ ಓಣಿಯ ತುದಿಯಲ್ಲೇ ನಿಂತರು. ಸಾವಿನ ಮನೆಯಿಂದ ಬಂದವರು ಮೈ ತೊಳೆಯದೆ ಒಳಗೆ ಕಾಲಿಡಬಾರದು, ಹಾಗಾಗಿ ನಾನು ಹಿತ್ತಲಿನ ಬಾಗಿಲಿನಿಂದ ನೇರ ಬಚ್ಚಲಿಗೆ ಹೋದೆ. ತಣ್ಣೀರು ಹೊಯ್ದುಕೊಳ್ಳುತ್ತಿರುವಾಗ ಒಳಗಿನಿಂದ ಹಾಡು ಕೇಳಿಸಿತು. ಬಹಳ ಸಣ್ಣ ದನಿ. ಶಬ್ದ ತಿಳಿಯಲಿಲ್ಲ, ಧಾಟಿ ತಿಳಿಯಿತು, ಅದರ ಹಿಂದೆ ಒಂದೇ ಸಮನೆ ಗರಗರ. ನಾನು ಚೆಂಬು ಹಿಡಿದು ನಿಂತೆ. ಗಂಗವ್ವ ಏನೋ ಬೀಸುತ್ತ ಗುನುಗುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಅದು ನಿಂತಿತು, ನಾನೂ ನೀರು ಹೊಯ್ದುಕೊಂಡೆ. ನನಗೆ ಆ ಕ್ಷಣದಲ್ಲಿ ಹೆದರಿಕೆಯಾಗಲಿಲ್ಲ, ಏನೂ ಆಗಲಿಲ್ಲ. ಐ ವಾಸ್ ಓನ್ಲಿ ಟಯರ್ಡ್.

ಸೀರೆ ಸುತ್ತಿಕೊಂಡು ಒಳಗೆ ಹೋದರೆ ಗಂಗವ್ವ ಕೂತಲ್ಲೇ ಕೂತಿದ್ದಳು. ಮಾನಿಟರು ಕಪ್ಪಾಗಿತ್ತು, ಫ್ಯಾನು ನಿಂತಿತ್ತು, ಗೂಡಿನ ದೀಪ ಮಾತ್ರ ಉರಿಯುತ್ತಿತ್ತು. ಬೀಸುಕಲ್ಲು ಅಟ್ಟದ ಮೇಲಿತ್ತು, ಅದನ್ನು ಇಳಿಸಿ ಎಷ್ಟೋ ವರ್ಷವಾಗಿತ್ತು. ನನಗೆ ಅದು ಆಗ ಹೊಳೆಯಲಿಲ್ಲ.

‘ಏನ ಹಾಡಾಕತ್ತಿದ್ದಿ ಗಂಗವ್ವಾ?’ ಅಂದೆ.

‘ನಾ ಎಲ್ಲಿ ಹಾಡಲ್ರಿ? ನನಗ ಹಾಡ ಬರತಾವೇನ?’ ಅಂದಳು. ನಿಜ, ಅವಳಿಗೆ ಬರುವುದಿಲ್ಲ. ಮದುವೆಯ ಮನೆಯಲ್ಲಿ ಕೂಡ ಬಾಯಿ ಆಡಿಸಿ ಸುಮ್ಮನಿರುತ್ತಾಳೆ. ‘ಅತ್ತಿ ಹಾಡಿದಳಲ್ಲ. ಕರೆಂಟ ಹೋತು, ಆ ಡಬ್ಬಿ ಕುಂಯ್ ಕುಂಯ್ ಅಂತು, ಅದೂ ಸುಮ್ಮನಾತು. ಆಮ್ಯಾಲೆ ಶುರು ಮಾಡಿದ್ಲು ನೋಡ್ರಿ. ಒಂದಾದ ಮ್ಯಾಲೊಂದು. ಈಗ ನೀವು ಬಂದ ಮ್ಯಾಲೆ ಬಿಟ್ಟಾಳ.’

‘ಎಲ್ಲಿಂದ ಕೇಳಸ್ತು?’

ಅವಳು ಕಂಪ್ಯೂಟರಿನ ಕಡೆ ಕೈ ಮಾಡಿದಳು, ಆಮೇಲೆ ಕೈ ಇಳಿಸಿದಳು. ‘ಇದರಾಗಿಂದ ಅಲ್ರಿ. ಇದರ ಹಿಂದಿಂದ. ಬಾವ್ಯಾಗ ಇಳದ ಹಾಡಿದಂಗ, ದೂರ.’

‘ನಿನಗ ನಿದ್ದಿ ಹತ್ತಿರಬೇಕ ಗಂಗವ್ವಾ. ಮುಂಜಾನಿಂದ ಉಂಡಿಲ್ಲ.’

‘ಉಂಡೇನಲ್ಲ. ಕೂಸಿನ ಹಾಡ ಹಾಡಾಗ ನಡುವs ನಿಲ್ಲಿಸಿ, ಗಂಗಾ, ನೀ ಹೋಗಿ ಉಂಡ ಬಾ, ನಾ ಇಲ್ಲೇ ಅದೇನಿ ಅಂದ್ಲು. ಹೋಗಿ ಎರಡ ರೊಟ್ಟಿ ತಿಂದ ಬಂದೆ. ಬರೂತನಾ ಕಲ್ಲ ತಿರವಕೋತ ಕುಂತಿದ್ಲು.’

ಇದನ್ನು ಅವಳು ಹಾಲಿನವನು ಬಂದು ಹೋದ ಅಂತ ಹೇಳುವ ದನಿಯಲ್ಲಿ ಹೇಳಿದಳು. ನಾನು ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ನನಗೆ ಮಾತು ಬೆಳೆಸುವ ಶಕ್ತಿ ಇರಲಿಲ್ಲ. ಬೇಗ ಮಲಗಿಬಿಟ್ಟೆ.

ಮರುದಿನ ಹೊತ್ತೇರಿದ ಮೇಲೆ ಕರೆಂಟ್ ಬಂತು. ಕಂಪ್ಯೂಟರ್ ಹಚ್ಚಿದೆ. ಡಿಸ್ಕ್ ಒಮ್ಮೆ ಕಟ್ ಅಂದಿತು, ಮತ್ತೆ ಅನ್ನಲಿಲ್ಲ. ಪರದೆಯ ಮೇಲೆ ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ ಅಂತ ಒಂದು ಸಾಲು ಬಂದು ನಿಂತಿತು. ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ. ಗಂಗವ್ವನಿಗೆ ಹೇಗೆ ಹೇಳಲಿ ಅನ್ನುವುದೊಂದೇ ತಲೆಯಲ್ಲಿ. ಕೊನೆಗೆ ಕುಲಕರ್ಣಿ ಸರ್ ಅವರಿಗೆ ಫೋನು ಮಾಡಿ, ಹೋಯಿತು, ಹೋದಷ್ಟು ಒಂದೆರಡಾದರೂ ಅಲ್ಲಿವೆಯೋ ನೋಡಿ ಅಂದೆ. ಅವರ ಕೀಲಿ ಹಾಕಿ ಒಳಗೆ ಹೋದರು. ಫೋನಿನಲ್ಲಿ ಕೀಬೋರ್ಡಿನ ಸದ್ದು ಕೇಳಿಸುತ್ತಿತ್ತು.

‘ಮೇಡಂ, ನನ್ನ ಚಾಷ್ಟಿ ಮಾಡಾಕತ್ತೀರೇನು? ಎಲ್ಲಾ ಬಂದಾವಲ್ಲ.’

‘ಎಲ್ಲಾ ಅಂದ್ರ?’

‘ಎಲ್ಲಾ. ಕಡೇದರ ತನಕ. ತಗದು ನೋಡಿದೆ, ಪೂರ್ತಿ ಅದಾವ.’

ಯಾವಾಗ ಬಂದಿವೆ ಅಂತ ಕೇಳಿದೆ. ಆ ಮಷೀನಿನ ಗಡಿಯಾರ ಗ್ರೀನಿಚ್ ವೇಳೆಯದು, ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ಅವರು ಕೂಡಿಸಿ ಹೇಳಿದರು. ಮೊದಲಿನವೆರಡು ನಾವು ಹೊರಡುವ ಮೊದಲು. ಉಳಿದವೆಲ್ಲ ಮಧ್ಯಾಹ್ನ ಪೂರ್ತಿ, ಒಂದಾದ ಮೇಲೊಂದು, ಕೊನೆಯದು ಬಿಸಿಲು ಇಳಿಯುವ ಹೊತ್ತಿಗೆ. ನಾನು ಬಚ್ಚಲಿನಲ್ಲಿದ್ದ ಹೊತ್ತು ಅದು.

ಅವರು ಆ ದಿನವೇ ಕಿತ್ತೂರಿನಿಂದ ಬಸ್ಸು ಹತ್ತಿ ಬಂದರು. ಗಣಿತದ ಮನುಷ್ಯ, ಬಿಡಲಾರರು. ಲೈನ್‌ಮನ್‌ನನ್ನು ಕಂಡು ಕೇಳಿದರು. ಇಡೀ ಓಣಿಗೆ ಹಿಂದಿನ ದಿನ ನಾವು ಹೊರಟಾಗಿನಿಂದ ಕರೆಂಟ್ ಇರಲಿಲ್ಲ, ಎದುರು ಮನೆಯವರು, ಪಕ್ಕದ ಗಿರಣಿಯವನು, ಎಲ್ಲರೂ ಅದನ್ನೇ ಹೇಳಿದರು. ನಮ್ಮ ಯು.ಪಿ.ಎಸ್. ಬ್ಯಾಟರಿ ಪರೀಕ್ಷೆ ಮಾಡಿದರು, ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ತಡೆಯುತ್ತಿರಲಿಲ್ಲ. ಮೋಡೆಮ್ಮಿಗೂ ಅದೇ ಕರೆಂಟು. ಐರ್ಲೆಂಡಿನ ಗಡಿಯಾರ ತಪ್ಪಿರಬಹುದೋ ಅಂತ ನೋಡಿದರು, ಸರಿಯಿತ್ತು. ಗಂಗವ್ವನನ್ನು ಕೂಡಿಸಿ ನಾನಾ ಥರ ಪ್ರಶ್ನೆ ಕೇಳಿದರು. ಅವಳು ನನಗೆ ಹೇಳಿದ್ದನ್ನೇ ಹೇಳಿ, ‘ಚಹಾದಾಗ ಸಕ್ಕರಿ ಹಾಕ್ಲ್ಯಾ ಬ್ಯಾಡ್ರಿ ಸರ್’ ಅಂದಳು. ಬಸ್ಸಿಗೆ ಹೊರಡುವಾಗ ಅವರು ಚಪ್ಪಲಿ ಮೆಟ್ಟುತ್ತ ನಿಂತು, ‘ನನಗ ತಿಳೀವಲ್ದು ಮೇಡಂ. ತಿಳೀತದ ಅಂತ ಸುಳ್ಳ ಹೇಳೂದೂ ಆಗವಲ್ದು’ ಅಂದರು. ಆಮೇಲೆ ಅವರು ಇರುವಷ್ಟು ದಿನ ಈ ವಿಷಯ ತೆಗೆದರೆ ಮಾತು ಬದಲಿಸುತ್ತಿದ್ದರು.

ವಾರ ಕಳೆದು ಅವರು ಎಲ್ಲ ಹಾಡುಗಳನ್ನೂ ಇಳಿಸಿ, ಸಿ.ಡಿ. ಮಾಡಿ ಕಳಿಸಿದರು. ನಾನು ಒಬ್ಬಳೇ ಕೂತು ಮೊದಲು ಕೇಳಿದೆ. ಹಾಡುಗಳು ನಾನು ಧಾರವಾಡದಲ್ಲಿ ಮಾಡಿಸಿದ ಹಾಗೇ ಕ್ಲೀನ್ ಆಗಿದ್ದವು. ಕೂಸು ತೂಗುವ ಹಾಡು ಬಂತು. ಮೂರನೆಯ ನುಡಿ ಮುಗಿಯಿತು, ಕಲ್ಲು ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ‘ಗಂಗಾ, ನೀ ಹೋಗಿ ಉಂಡ ಬಾ. ನಾ ಇಲ್ಲೇ ಅದೇನಿ.’ ಆಮೇಲೆ ಸ್ವಲ್ಪ ಹೊತ್ತು ಬರಿ ಗರಗರ. ಆಮೇಲೆ ನಾಲ್ಕನೆಯ ನುಡಿ.

ನನಗೆ ನಾನೇ ಎಷ್ಟೋ ಸಮಾಧಾನ ಹೇಳಿಕೊಂಡಿದ್ದೇನೆ. ಆ ರಜೆಯಲ್ಲಿ ಹಾಡು ಹಿಡಿಯುವಾಗ ಗಂಗವ್ವ ಕೋಣೆಯಲ್ಲಿ ಇದ್ದಿರಬಹುದು, ಅತ್ತೆಯವರು ನಿಜವಾಗಿಯೂ ಹಾಗೆ ಅಂದಿರಬಹುದು. ಸ್ಟುಡಿಯೋದವರು ಎಲ್ಲ ಮಾತು ತೆಗೆದು ಅದೊಂದನ್ನು ಬಿಟ್ಟಿರಬಹುದು, ನಾನು ಕೇಳಿ ನೋಡುವಾಗ ಗಮನಿಸದೆ ಇದ್ದಿರಬಹುದು. ಇರಬಹುದು. ಹಾಗಿದ್ದರೂ ಕರೆಂಟಿಲ್ಲದ ಮಧ್ಯಾಹ್ನ ಅದು ಗಂಗವ್ವನ ಕಿವಿಗೆ ಹೇಗೆ ಬಿತ್ತು? ನನ್ನ ಕಿವಿಗೆ ಬಿದ್ದದ್ದು ಏನು? ಓದಿದವರಿಗೆ ಕೇಳಿದ್ದೇನೆ, ಒಬ್ಬ ಪಾದ್ರಿಗಳಿಗೂ ಕೇಳಿದ್ದೇನೆ. ಓದಿದವರು ಕಂಪ್ಯೂಟರಿನ ಬಫರ್ ಅಂದರು, ಕ್ಯಾಶ್ ಮೆಮರಿ ಅಂದರು, ಇನ್ನೂ ಕೇಳಿದರೆ ಕೈಗಡಿಯಾರ ನೋಡಿಕೊಂಡರು. ಪಾದ್ರಿಗಳು ಪ್ರೇಯರ್ ಮಾಡಿ ಅಂದರು.

ಸಿ.ಡಿ. ಮೊದಲು ಕೇಳಿದ ಆ ದಿನವೇ ನಾನು ಪ್ಲೇಯರು ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಇಷ್ಟೆಲ್ಲ ಒದ್ದಾಡಿದ್ದು ಅವಳಿಗಾಗಿ. ‘ಕೂಡು, ಅತ್ತಿಯವರ ದನಿ ಕೇಳು’ ಅಂದೆ.

ಅವಳು ಹಿಟ್ಟಿನ ಕೈಯನ್ನು ಅಡ್ಡ ಮಾಡಿದಳು. ‘ನಾ ಅವತ್ತs ಕೇಳೇನ್ರಿ ಅಕ್ಕಾರ. ಹೊಟ್ಟಿ ತುಂಬ ಕೇಳೇನಿ. ಮತ್ತ ಮತ್ತ ಆಕಿನ್ನ ಯಾಕ ಎಬ್ಬಸತೀರಿ? ದಣಿದಿರತಾಳ. ನೀವು ಕೇಳ್ರಿ.’ ಅಷ್ಟು ಹೇಳಿ ತಟ್ಟಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಅವತ್ತಿನಿಂದ ಇವತ್ತಿನವರೆಗೆ ಅವಳು ಆ ಸಿ.ಡಿ. ಕೇಳಿಲ್ಲ. ಅತ್ತಿ ದನಿ ಹೊಂಟೈತಿ ಅಂತ ಮತ್ತೆ ಅಂದದ್ದೂ ಇಲ್ಲ.

ಆ ಬಾಡಿಗೆ ಮಷೀನನ್ನು ಕುಲಕರ್ಣಿ ಸರ್ ಬಹಳ ದಿನ ನಡೆಸಿ ಆಮೇಲೆ ಬಂದ್ ಮಾಡಿದರು. ಹಾಡು ಬೇಕೆಂದವರಿಗೆ ನಾನು ಕಾಪಿ ಮಾಡಿ ಕೊಡುತ್ತೇನೆ. ಈಗ ಕಿವಿ ಮಂದ. ಒಮ್ಮೊಮ್ಮೆ ಮಧ್ಯಾಹ್ನ ನಿದ್ದೆ ಹತ್ತದಿದ್ದಾಗ ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಕೂಸಿನ ಹಾಡಿನಲ್ಲಿ ಆ ಮಾತು ಬರುತ್ತದೆ, ಹೋಗುತ್ತದೆ. ಎಷ್ಟು ಸಲ ಕೇಳಿದರೂ ನನಗೆ ಅದರ ಗುಟ್ಟು ತಿಳಿದಿಲ್ಲ. ಅದು ನನಗೆ ಹೇಳಿದ ಮಾತಲ್ಲ ಅನ್ನುವುದಷ್ಟೇ ತಿಳಿದಿದೆ.